ಹಿರಿಯ ನಾಲಿಗೆ, ಹೊಸ ನುಡಿ: ಕ್ವೆರ್ನಾವಾಕಾದ ಪಾಠ

1961ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ನೋತ್ರ್ ದಾಮ್ ವಿಶ್ವವಿದ್ಯಾಲಯದಲ್ಲಿ ಸಂನ್ಯಾಸ ಸಭೆಗಳ ಶ್ರೇಷ್ಠರು ಒಂದುಗೂಡಿದ್ದರು. ಹತ್ತು ವರ್ಷಗಳೊಳಗೆ ತಮ್ಮ ಸದಸ್ಯರಲ್ಲಿ ಶೇಕಡಾ 10ರಷ್ಟು ಮಂದಿಯನ್ನು ಲ್ಯಾಟಿನ್ ಅಮೆರಿಕಕ್ಕೆ ಕಳುಹಿಸಬೇಕೆಂಬ ರೋಮಿನ ಕರೆಯನ್ನು ಮೊನ್ಸಿಞೋರ್ ಅಗೊಸ್ತಿನೊ ಕಸರೋಲಿಯವರು ಅವರ ಮುಂದಿಟ್ಟರು. ಅದೇ ವರ್ಷ ಮೆಕ್ಸಿಕೋದ ಕ್ವೆರ್ನಾವಾಕಾ ನಗರದಲ್ಲಿ, ಹೀಗೆ ಹೊರಟವರಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರವೊಂದು ಆರಂಭವಾಯಿತು. ಅದರ ಮುಂದಾಳು ಇವಾನ್ ಇಲ್ಲಿಚ್ ಎಂಬ ಗುರುಗಳು.

ಇಲ್ಲಿಚ್ ಸ್ಪ್ಯಾನಿಷ್ ನುಡಿಯನ್ನು ಅರಿತದ್ದು ಜನರ ನಡುವೆ. 1951ರಲ್ಲಿ ನ್ಯೂಯಾರ್ಕಿಗೆ ಬಂದ ಅವರಿಗೆ ಪೋರ್ಟೊರಿಕೊದಿಂದ ವಲಸೆ ಬಂದ ಬಡಜನರು ನೆರೆಹೊರೆಯಾದರು. 1956ರಲ್ಲಿ ಪೋನ್ಸೆಯ ಕಥೋಲಿಕ ವಿಶ್ವವಿದ್ಯಾಲಯದ ಉಪಕುಲಪತಿಯಾದ ಮೇಲೆ, ನ್ಯೂಯಾರ್ಕಿನ ಗುರುಗಳನ್ನು ಅಲ್ಲಿಗೇ ಕರೆಸಿಕೊಂಡು ಭಾಷೆಯನ್ನು ಕಲಿಸಿದರು.

ಕ್ವೆರ್ನಾವಾಕಾದಲ್ಲಿ ಗುರುಗಳು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯ ಸ್ವಯಂಸೇವಕರು ಒಂದೇ ಶಾಲೆಯ ವಿದ್ಯಾರ್ಥಿಗಳಾಗಿದ್ದರು. ಸಣ್ಣ ಗುಂಪುಗಳಲ್ಲಿ, ಸ್ಪ್ಯಾನಿಷ್ ಮಾತೃಭಾಷೆಯವರ ಮುಂದೆ ಕುಳಿತು, ಒಂದೇ ವಾಕ್ಯವನ್ನು ನಾಲಿಗೆಗೆ ಹತ್ತುವವರೆಗೂ ಹೇಳಬೇಕಾಗಿತ್ತು. ವರ್ಷಗಟ್ಟಲೆ ಪ್ರಬೋಧನೆ ನೀಡಿದ ಹಿರಿಯನು ತರುಣರ ಪಕ್ಕದಲ್ಲಿ ತೊದಲುವುದೆಂದರೇನೆಂದು ನಾವು ಊಹಿಸಬಲ್ಲೆವು. ಅಲ್ಲಿ ಪದವಿ ನೆರವಿಗೆ ಬಾರದು. ಕಲಿಸುವವನಾಗಿ ಅಭ್ಯಾಸವಾದವನು ತಿದ್ದಿಸಿಕೊಳ್ಳುವವನಾಗಬೇಕು.

ಇಲ್ಲಿಚ್‌ರ ದೃಷ್ಟಿಯಲ್ಲಿ ಮಾತುಗಳಿಗಿಂತ ಒಂದು ಜನಾಂಗದ ಮೌನವನ್ನು ಕಲಿಯುವುದೇ ಕಠಿಣ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಕಾಯಬೇಕು ಎಂಬುದನ್ನು ವ್ಯಾಕರಣ ಹೇಳಿಕೊಡುವುದಿಲ್ಲ. ಹಿರಿಯನಿಗೆ ಇಲ್ಲಿ ಒಂದು ಅನುಕೂಲವೂ ಉಂಟು: ಪಾಪನಿವೇದನೆಯ ಪೀಠದಲ್ಲಿ ಕಿವಿಗೊಟ್ಟು ಕುಳಿತ ವರ್ಷಗಳು ಅವನಿಗೆ ಮೌನದ ಮೊದಲ ಪಾಠವನ್ನು ಕಲಿಸಿರುತ್ತವೆ.

ಈ ಇತಿಹಾಸದಲ್ಲಿ ನೋವೂ ಇದೆ. ಸಿದ್ಧತೆಯಿಲ್ಲದೆ ಬರುವ ಧರ್ಮಪ್ರಸಾರಕರು ಸುವಾರ್ತೆಯ ಹೆಸರಿನಲ್ಲಿ ತಮ್ಮ ದೇಶದ ಜೀವನಶೈಲಿಯನ್ನೇ ಹೊತ್ತು ತರುತ್ತಾರೆಂದು ಇಲ್ಲಿಚ್ 1967ರಲ್ಲಿ ಬಹಿರಂಗವಾಗಿ ಟೀಕಿಸಿದರು. ರೋಮಿನೊಡನೆ ತಿಕ್ಕಾಟ ಬೆಳೆಯಿತು. 1969ರಲ್ಲಿ ಅವರು ಯಾಜಕ ಸೇವೆಯಿಂದ ಹಿಂದೆ ಸರಿದರು. 1976ರಲ್ಲಿ ಕೇಂದ್ರವೂ ಮುಚ್ಚಿತು. ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಅವರೆತ್ತಿದ ಪ್ರಶ್ನೆಯನ್ನು ಬದಿಗಿಡಲಾಗದು.

ದೇವವಾರ್ತೆಯು ನರನಾದಾಗ ನಜರೇತಿನ ಮನೆಯಲ್ಲಿ ಮಗುವಾಗಿ ಮಾತು ಕಲಿತರು. ಪೆಂತೆಕೋಸ್ತ್ ದಿನದ ವರವನ್ನು ನಾವು ಸ್ಮರಿಸುತ್ತೇವೆ. ನಜರೇತಿನ ತೊದಲನ್ನು ಮರೆಯುತ್ತೇವೆ. ನಮ್ಮಲ್ಲಿಯೂ ತುಳುನಾಡಿನ ಊರಿಗೋ ಲಂಬಾಣಿ ತಾಂಡಾಕ್ಕೋ ವರ್ಗವಾದ ಗುರುಗಳು, ಕನ್ನಡವೇ ಸಾಕು, ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು ಎಂದುಕೊಳ್ಳುವುದುಂಟು. ಆ ಮನೆಗಳ ಮಕ್ಕಳು ನಗುತ್ತಾ ನಮ್ಮ ಉಚ್ಚಾರವನ್ನು ತಿದ್ದಲು ಬಿಟ್ಟುಕೊಟ್ಟರೆ, ನಮ್ಮ ಧರ್ಮಸೇವೆ ಅಲ್ಲಿಂದಲೇ ಮೊದಲಾಗುತ್ತದೆ.