ಮುದ್ರಿತ ಅಭ್ಯಾಸ ಹಾಳೆಯನ್ನು ಮೊಬೈಲ್‌ನಲ್ಲೇ ತುಂಬುವಂತೆ ಮಾಡುವುದು ಹೇಗೆ? ಇಲ್ಲಿದೆ ಮಾಹಿತಿ

ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್ 1ರಂದು ತೆಲಂಗಾಣ ಸರ್ಕಾರವು ದೂರದರ್ಶನದ ಯಾದಗಿರಿ ವಾಹಿನಿ ಹಾಗೂ ಟಿ-ಸ್ಯಾಟ್ ಮೂಲಕ ಶಾಲಾ ಪಾಠ ಆರಂಭಿಸಿತು. ಹೈದರಾಬಾದ್‌ನ ಮಲ್ಕಾಜ್‌ಗಿರಿ ಸೇರಿದಂತೆ ರಾಜ್ಯದೆಲ್ಲೆಡೆ ಸರ್ಕಾರಿ ಶಾಲೆ ಮಕ್ಕಳಿಗೆ ಟಿವಿಯೇ ತರಗತಿಯಾಯಿತು. ಪಾಠದ ಜತೆಗೆ ಅಭ್ಯಾಸ ಹಾಳೆಗಳೂ ಆನ್‌ಲೈನ್‌ನಲ್ಲಿ ಬಂದವು. ಆದರೆ ಪ್ರಿಂಟರ್ ಇಲ್ಲದ ಮನೆಯಲ್ಲಿ ಪಿಡಿಎಫ್ ಹಾಳೆಯನ್ನು ನೋಡಬಹುದೇ ಹೊರತು ಅದರಲ್ಲಿ ಉತ್ತರ ಬರೆಯಲಾಗದು. ಹಾಳೆಯನ್ನು ತುಂಬಬಹುದಾದ ಡಿಜಿಟಲ್ ಫಾರ್ಮ್ ಆಗಿಸಿದರೆ ಈ ತೊಡಕು ತಪ್ಪುತ್ತದೆ.

ಫೋಟೊ ತೆಗೆದರೆ ಸಾಲದು

ಹಾಳೆಯ ಫೋಟೊ ಅಥವಾ ಸ್ಕ್ಯಾನ್ ಕೇವಲ ಚಿತ್ರ. ಅದರಲ್ಲಿನ ಅಕ್ಷರಗಳನ್ನು ಹುಡುಕಲಾಗದು, ತಿದ್ದಲಾಗದು. ದೃಷ್ಟಿದೋಷವುಳ್ಳ ಮಕ್ಕಳು ಬಳಸುವ ಓದುವ ತಂತ್ರಾಂಶಕ್ಕೂ ಅದು ಸಿಗದು. ಹೀಗಾಗಿ ಮೊದಲು ಚಿತ್ರವನ್ನು ಪಠ್ಯವಾಗಿಸಬೇಕು. ಗೂಗಲ್ ಡ್ರೈವ್‌ಗೆ ಹಾಕಿದ ಚಿತ್ರವನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳು ಪಠ್ಯವಾಗಿ ಬರುತ್ತವೆ. ಉಚಿತ ತಂತ್ರಾಂಶ ಟೆಸರಾಕ್ಟ್ ಕೂಡ ಕನ್ನಡ ಓದಬಲ್ಲದು. ಆದರೂ ಒತ್ತಕ್ಷರ, ಅಂಕಿ, ಗಣಿತದ ಚಿಹ್ನೆಗಳನ್ನು ಮೂಲದೊಂದಿಗೆ ತಾಳೆ ನೋಡಲೇಬೇಕು. ಗುಣಾಕಾರದ ಗುರುತು ತಪ್ಪಾದರೆ ಇಡೀ ಲೆಕ್ಕವೇ ತಪ್ಪು.

ಎರಡು ದಾರಿ

ಗೂಗಲ್ ಫಾರ್ಮ್ಸ್: ಮೊಬೈಲ್‌ಗೆ ಇದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆಯ್ಕೆ ಆನ್ ಮಾಡಿ, ಸರಿಯುತ್ತರ ಕೊಟ್ಟರೆ ಬಹು ಆಯ್ಕೆ ಪ್ರಶ್ನೆಗಳಿಗೆ ಅಂಕ ತಾನೇ ಬೀಳುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಮಾತ್ರ ಎಚ್ಚರ ಬೇಕು. 'ಹನ್ನೆರಡು' ಮತ್ತು '12' ಎರಡನ್ನೂ ಸರಿಯುತ್ತರವಾಗಿ ನಮೂದಿಸದಿದ್ದರೆ ಸರಿ ಬರೆದ ಮಗುವಿಗೂ ಅಂಕ ಸಿಗದು.

ಪಿಡಿಎಫ್ ಫಾರ್ಮ್: ಹಾಳೆಯ ವಿನ್ಯಾಸ ಹಾಗೆಯೇ ಉಳಿಯಬೇಕಿದ್ದರೆ ಇದು ಸೂಕ್ತ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ರೈಟರ್‌ನ ಫಾರ್ಮ್ ಮೆನುವಿನಿಂದ ಉತ್ತರದ ಚೌಕ, ಟಿಕ್ ಗುರುತಿನ ಚೌಕಗಳನ್ನು ಸೇರಿಸಿ, ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಪಿಡಿಎಫ್ ಫಾರ್ಮ್ ರಚಿಸುವ ಆಯ್ಕೆ ಗುರುತಿಸಬೇಕು.

ಕನ್ನಡಕ್ಕೆ ವಿಶೇಷ ಗಮನ

ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಹಾಳೆಯನ್ನು ಮೊದಲು ಯೂನಿಕೋಡ್‌ಗೆ ಬದಲಿಸಬೇಕು. ಇಲ್ಲದಿದ್ದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಕೆಲವು ಪಿಡಿಎಫ್ ಆ್ಯಪ್‌ಗಳಲ್ಲಿ ಉತ್ತರದ ಚೌಕದೊಳಗೆ ಒತ್ತಕ್ಷರ ಒಡೆದು ಕಾಣುವುದೂ ಉಂಟು. ಎಲ್ಲರಿಗೂ ಕಳುಹಿಸುವ ಮುನ್ನ ಕಡಿಮೆ ಬೆಲೆಯ ಮೊಬೈಲ್‌ನಲ್ಲಿ 'ರಾಷ್ಟ್ರ', 'ವಿಜ್ಞಾನ' ಎಂದು ಟೈಪ್ ಮಾಡಿ, ಸೇವ್ ಮಾಡಿ, ಮತ್ತೆ ತೆರೆದು ನೋಡುವುದು ಒಳಿತು.

ಇವನ್ನು ಮರೆಯಬೇಡಿ

* 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆ ನೀಡುತ್ತದೆ. ಹೆಸರು, ತರಗತಿ ಸಾಕು. ಆಧಾರ್, ವಿಳಾಸ ಕೇಳುವುದು ಬೇಡ.
* ಫೈಲ್ ಅಪ್‌ಲೋಡ್ ಮಾಡಿಸುವ ಪ್ರಶ್ನೆಗೆ ಗೂಗಲ್ ಖಾತೆ ಬೇಕಾಗುತ್ತದೆ. ಖಾತೆ ಇಲ್ಲದ ಮಕ್ಕಳು ಅಲ್ಲೇ ನಿಲ್ಲುತ್ತಾರೆ.
* ಚಿತ್ರ ಬಿಡಿಸುವುದು, ಕಾಪಿ ಬರವಣಿಗೆ, ಲೆಕ್ಕದ ಹಂತಗಳು ಕಾಗದದಲ್ಲೇ ಇರಲಿ.
* ಮನೆಯಲ್ಲಿ ಮೊಬೈಲ್ ಇಲ್ಲದ ಮಕ್ಕಳಿಗೆ ಮುದ್ರಿತ ಪ್ರತಿ ಕೊಡಿ. ಒಂದು ತೊಡಕು ನೀಗಿಸಲು ಬಂದ ಫಾರ್ಮ್ ಇನ್ನೊಂದು ತೊಡಕಾಗಬಾರದು.