ಮನೆ, ಕರೆಂಟು, ಹವಾಮಾನ: ಸೇಲಂ-ಧರ್ಮಪುರಿಯ ತಾರಸಿ ಮನೆಗಳಿಗೆ ದೇಶದ ಯೋಜನೆಯಲ್ಲಿ ಜಾಗ ಎಲ್ಲಿ?

ಧರ್ಮಪುರಿ: ಕತ್ತರಿ ಬಿಸಿಲಿನ ದಿನಗಳಲ್ಲಿ ರಾತ್ರಿ ಒಂಬತ್ತು ಗಂಟೆಗೆ ಪೆನ್ನಾಗರಂ ಕಡೆಯ ಯಾವುದಾದರೂ ಕಾಲೋನಿ ಮನೆಯೊಳಗೆ ಹೋಗಿ, ಮಂಚದ ಮೇಲೆ ನಿಂತು ತಾರಸಿಯ ಒಳಮೈಗೆ ಅಂಗೈ ಇಟ್ಟು ನೋಡಿ. ಸೂರ್ಯ ಮುಳುಗಿ ಎರಡೂವರೆ ಗಂಟೆ ಆಗಿರುತ್ತದೆ. ಕಾಂಕ್ರೀಟು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಕೆಳಗೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೂ ಅದು ಬೀಸುವುದು ಆ ಬಿಸಿಯನ್ನೇ. ಮನೆಮಂದಿ ಚಾಪೆ ಸುತ್ತಿಕೊಂಡು ಮೇಲೆ ಹೋಗಿ ಮಲಗುತ್ತಾರೆ. ಮುದುಕರು, ಬಾಣಂತಿಯರು, ಎಳೆ ಮಕ್ಕಳು ಒಳಗೇ ಬೇಯುತ್ತಾರೆ.

ಇದು ಬರೀ ಸೆಕೆಯ ಮಾತಲ್ಲ. ದೇಶದ ಹವಾಮಾನ ಯೋಜನೆಯಲ್ಲಿ ಕಟ್ಟಡಗಳ ವಿದ್ಯುತ್ ಉಳಿತಾಯ ಎಂಬುದು ಒಂದು ದೊಡ್ಡ ಅಧ್ಯಾಯ. ಅದರ ಕಾನೂನು, ಸಂಹಿತೆ, ಗುರಿಗಳು ಏನು, ಗಡಿಭಾಗದ ಹಳ್ಳಿಯ ಮನೆಗೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಒಂದೆಡೆ ಕೊಡುವ ಪ್ರಯತ್ನ ಇಲ್ಲಿದೆ.

ಮೆಟ್ಟೂರಿನ ಹೊಗೆ, ಮನೆಯ ಫ್ಯಾನು

ಕೊಳತ್ತೂರು ಕಡೆಯವರಿಗೆ ಮೆಟ್ಟೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಹೊಸದಲ್ಲ. 1987ರಿಂದ 1990ರೊಳಗೆ 210 ಮೆಗಾವ್ಯಾಟಿನ ನಾಲ್ಕು ಘಟಕಗಳು ಅಲ್ಲಿ ಬಂದವು. ನಂತರ 600 ಮೆಗಾವ್ಯಾಟಿನ ಇನ್ನೊಂದು ಸೇರಿತು. ಒಟ್ಟು 1,440 ಮೆಗಾವ್ಯಾಟ್. ಪಕ್ಕದಲ್ಲೇ 1934ರ ಅಣೆಕಟ್ಟು ನೀರಿನಿಂದ ಕರೆಂಟು ಕೊಡುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಕಾವೇರಿಯ ಕಥೆ ಎರಡು ರಾಜ್ಯದವರಿಗೂ ಗೊತ್ತು!

ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಈಗಲೂ ಕಲ್ಲಿದ್ದಲಿನದೇ. ಸರಾಸರಿ ಲೆಕ್ಕದಲ್ಲಿ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ದೇಶದಲ್ಲಿ ಖರ್ಚಾಗುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಮನೆ, ಅಂಗಡಿ, ಕಚೇರಿ, ಆಸ್ಪತ್ರೆಗಳಂಥ ಕಟ್ಟಡಗಳದ್ದು. ಇದರಲ್ಲೂ ಮನೆಗಳ ಪಾಲೇ ದೊಡ್ಡದು. ಹಾಗಾಗಿ ಕಟ್ಟಡ ತಣ್ಣಗಿದ್ದರೆ ಚಿಮಣಿಯ ಹೊಗೆ ಕಡಿಮೆ. ಯೋಜನೆ ಮಾಡುವವರ ಮೂಲ ಲೆಕ್ಕ ಇಷ್ಟೇ.

ದೆಹಲಿಯಲ್ಲಿ ಆದದ್ದು

ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರಡಿ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. ಫ್ರಿಜ್, ಎ.ಸಿ.ಗಳ ಮೇಲೆ ಕಾಣುವ ನಕ್ಷತ್ರದ ಚೀಟಿ 2006ರಿಂದ ಈ ಬ್ಯೂರೋ ಕೊಟ್ಟದ್ದು. 2007ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಬಂತು, 2017ರಲ್ಲಿ ಪರಿಷ್ಕೃತವಾಯಿತು. 2008ರ ಜೂನ್ 30ರಂದು ಬಿಡುಗಡೆಯಾದ ರಾಷ್ಟ್ರೀಯ ಹವಾಮಾನ ಕ್ರಿಯಾ ಯೋಜನೆಯ ಎಂಟು ಮಿಷನ್‌ಗಳಲ್ಲಿ ಒಂದು ಇಂಧನ ದಕ್ಷತೆಯದು, ಇನ್ನೊಂದು ಸುಸ್ಥಿರ ವಸತಿಯದು.

2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ 2070ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಮಾತು ಕೊಟ್ಟಿತು. 2005ಕ್ಕೆ ಹೋಲಿಸಿದರೆ ದೇಶದ ಉತ್ಪನ್ನದ ಪ್ರತಿ ರೂಪಾಯಿಗೆ ಹೊರಬೀಳುವ ಹೊಗೆಯನ್ನು 2030ರೊಳಗೆ ಶೇ.45ರಷ್ಟು ಇಳಿಸುವ ಗುರಿಯನ್ನು 2022ರ ಆಗಸ್ಟ್‌ನಲ್ಲಿ ಹಾಕಿಕೊಂಡಿತು. 2019ರ ಮಾರ್ಚ್‌ನ ಭಾರತ ತಂಪು ಕ್ರಿಯಾ ಯೋಜನೆಯು 2037-38ರ ವೇಳೆಗೆ ತಂಪು ಮಾಡಲು ಬೇಕಾಗುವ ಇಂಧನವನ್ನು ಶೇ.25ರಿಂದ 40ರವರೆಗೆ ಕಡಿಮೆ ಮಾಡುವ ಅಂದಾಜು ಇಟ್ಟುಕೊಂಡಿದೆ.

ವಾಸದ ಮನೆಗಳಿಗೆ ಬಂದದ್ದು 2018ರ ಡಿಸೆಂಬರ್‌ನ ‘ಇಕೋ ನಿವಾಸ ಸಂಹಿತೆ’. ತಾರಸಿಯ ಮೂಲಕ ಎಷ್ಟು ಶಾಖ ಒಳಗೆ ದಾಟಬಹುದು ಎಂಬುದಕ್ಕೆ ಅದು ಒಂದು ಮಿತಿ ಹಾಕಿತು: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 1.2 ವ್ಯಾಟ್. ಮೇಲೆ ಏನೂ ಹೊದಿಸದ ಬರೀ ಆರ್.ಸಿ.ಸಿ. ತಾರಸಿಯಲ್ಲಿ ಇದರ ಸುಮಾರು ಮೂರು ಪಟ್ಟು ದಾಟುತ್ತದೆ.

ಸಂಹಿತೆ ಒಳ್ಳೆಯದೇ. ಆದರೆ ಅದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ, ಅಂದರೆ ಸುಮಾರು 5,400 ಚದರ ಅಡಿಗೆ. 2022ರ ತಿದ್ದುಪಡಿ ಕಾಯ್ದೆ ವಾಸದ ಕಟ್ಟಡಗಳನ್ನೂ ಒಳಗೆ ತಂದಿತು, 2023ರ ಜನವರಿ 1ರಿಂದ ಜಾರಿಗೂ ಬಂತು. ಅಲ್ಲಿಯ ಮಿತಿ 100 ಕಿಲೋವ್ಯಾಟ್ ಸಂಪರ್ಕ ಅಥವಾ 120 ಕೆ.ವಿ.ಎ. ಬೇಡಿಕೆ. ಬೇಕಿದ್ದರೆ ರಾಜ್ಯಗಳು ಈ ಮಿತಿಯನ್ನು ತಗ್ಗಿಸಬಹುದು. ಒಂದು ಕಿಲೋವ್ಯಾಟಿನ ಆಸುಪಾಸಿನ ಕಾಲೋನಿ ಮನೆಗೆ ಈ ಎರಡು ಬಾಗಿಲುಗಳೂ ತೆರೆಯುವುದಿಲ್ಲ. ಸೇಲಂ ನಗರದ ದೊಡ್ಡ ಜವಳಿ ಮಳಿಗೆ, ಖಾಸಗಿ ಆಸ್ಪತ್ರೆಗಳಿಗೆ ತೆರೆಯುತ್ತದೆ. ತಮಿಳುನಾಡಿನಲ್ಲಿ ಈ ಕಾಯ್ದೆಯ ನಿಯೋಜಿತ ಸಂಸ್ಥೆ ವಿದ್ಯುತ್ ಪರಿವೀಕ್ಷಣಾಲಯ. ಗಡಿಯಾಚೆ ಕರ್ನಾಟಕದಲ್ಲಿ ಕ್ರೆಡಲ್.

ಗುಡಿಸಲಿನಿಂದ ತಾರಸಿಗೆ

ಗುಡಿಸಲಿಗೆ ಬೆಂಕಿ ಬೀಳುತ್ತದೆ, ಮಳೆಗೆ ಸೋರುತ್ತದೆ. ಅದನ್ನು ಹೊಗಳಿ ಬರೆಯುವವರು ಅದರೊಳಗೆ ಒಂದು ಮಳೆಗಾಲ ಕಳೆದವರಲ್ಲ. ಗುಡಿಸಲಿಲ್ಲದ ತಮಿಳುನಾಡು ಎಂಬ ಮಾತು ಹುಟ್ಟಿದ್ದೇ ಈ ಕಾರಣಕ್ಕೆ. 2010ರಲ್ಲಿ ಕರುಣಾನಿಧಿ ಸರ್ಕಾರ ಕಲೈಞರ್ ವಸತಿ ಯೋಜನೆ ತಂದಿತು. ಗುಡಿಸಲುಗಳ ಜಾಗದಲ್ಲಿ ಕಾಂಕ್ರೀಟು ಮನೆ ಎಂಬುದೇ ಅದರ ಉದ್ದೇಶ.

2011ರಲ್ಲಿ ಸರ್ಕಾರ ಬದಲಾಗಿ ಜಯಲಲಿತಾ ‘ಸೌರಶಕ್ತಿಯ ಹಸಿರು ಮನೆ’ ಯೋಜನೆ ಆರಂಭಿಸಿದರು. ವರ್ಷಕ್ಕೆ 60,000ದಂತೆ ಐದು ವರ್ಷದಲ್ಲಿ 3 ಲಕ್ಷ ಮನೆ. ತಲಾ 300 ಚದರ ಅಡಿ, ಆರಂಭದಲ್ಲಿ 1.80 ಲಕ್ಷ ರೂ. ಇದರಲ್ಲಿ ಕಟ್ಟಡಕ್ಕೆ 1.50 ಲಕ್ಷ, ಸೌರ ದೀಪಗಳಿಗೆ 30,000. ಮಲಗುವ ಕೋಣೆ, ಹಜಾರ, ಅಡುಗೆಮನೆ, ಶೌಚಾಲಯ, ವರಾಂಡ, ಹೀಗೆ ಐದು ದೀಪ. ಆ ಕಾಲಕ್ಕೆ ಇದು ದೇಶದಲ್ಲೇ ಹೊಸ ಯೋಚನೆ. ಬಡವರ ಮನೆಗೂ ಹವಾಮಾನಕ್ಕೂ ಸಂಬಂಧವಿದೆ ಎಂದು ಒಂದು ರಾಜ್ಯ ಸರ್ಕಾರ ಹಣ ಇಟ್ಟು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ‘ಹಸಿರು’ ಇದ್ದದ್ದು ದೀಪದಲ್ಲಿ, ಮನೆಯಲ್ಲಲ್ಲ. ಐದು ಸಣ್ಣ ದೀಪಗಳು ತಿನ್ನುವ ಕರೆಂಟು ಅತ್ಯಲ್ಪ. ಸೀಸದ ಬ್ಯಾಟರಿಯ ಆಯಸ್ಸು ಐದಾರು ವರ್ಷ. ತಾರಸಿಯ ಆಯಸ್ಸು ಐವತ್ತು ವರ್ಷ, ಆ ಐವತ್ತು ಬೇಸಿಗೆಯೂ ಅದು ಸುಡುತ್ತದೆ. 30,000 ರೂಪಾಯಿಯಲ್ಲಿ ಒಂದು ಪಾಲನ್ನು ತಾರಸಿಯ ಮೇಲಿನ ಹೊದಿಕೆಗೆ ಇಟ್ಟಿದ್ದರೆ ಎಂದು ಈಗ ಅನ್ನಿಸದೆ ಇರದು. ಅಂದು ಎಲ್ಲರ ಕಣ್ಣೂ ಸೌರಫಲಕದ ಮೇಲಿತ್ತು. 2016ರಲ್ಲಿ ಬಂದ ಕೇಂದ್ರದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲೂ ತಮಿಳುನಾಡು ಆರ್.ಸಿ.ಸಿ. ತಾರಸಿಗೆಂದೇ ತನ್ನ ಬೊಕ್ಕಸದಿಂದ ಹೆಚ್ಚುವರಿ ಹಣ ಸೇರಿಸಿತು.

2024ರಲ್ಲಿ ‘ಕಲೈಞರ್ ಕನವು ಇಲ್ಲಂ’ ಬಂತು. 2030ರೊಳಗೆ 8 ಲಕ್ಷ ಮನೆ, ಮೊದಲ ವರ್ಷ 1 ಲಕ್ಷ, ತಲಾ 3.5 ಲಕ್ಷ ರೂ. ಮನೆಯ ಅಳತೆ 360 ಚದರ ಅಡಿ. ಅದರಲ್ಲಿ 300 ಅಡಿಗೆ ಆರ್.ಸಿ.ಸಿ., ಉಳಿದ 60 ಅಡಿಗೆ ಬೆಂಕಿ ಹಿಡಿಯದ ಬೇರೆ ಮಾಡು, ಫಲಾನುಭವಿಯ ಇಷ್ಟದಂತೆ. ಎಂಟು ಲಕ್ಷ ಮನೆಯ ತಾರಸಿ ಎಂದರೆ 24 ಕೋಟಿ ಚದರ ಅಡಿ ಕಾಂಕ್ರೀಟು. ಅದರ ಮೇಲ್ಮೈ ಬೂದು ಬಣ್ಣದ್ದೋ ಬಿಳಿಯದೋ ಎಂಬುದು ಮುಂದಿನ ಐವತ್ತು ವರ್ಷದ ಪ್ರಶ್ನೆ.

ತಾರಸಿ ಏಕೆ ಸುಡುತ್ತದೆ?

ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಒಂದಂತಸ್ತಿನ ಸಣ್ಣ ಮನೆಗೆ ಬಿಸಿ ಬರುವುದು ಗೋಡೆಗಿಂತ ಹೆಚ್ಚಾಗಿ ಮೇಲಿನಿಂದ. ಬೂದು ಕಾಂಕ್ರೀಟು ಬಿದ್ದ ಬಿಸಿಲಿನ ಮೂರನೇ ಎರಡು ಭಾಗವನ್ನು ಕುಡಿಯುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟು ಸಂಜೆಯವರೆಗೆ ಶಾಖ ಕೂಡಿಟ್ಟು ನಡುರಾತ್ರಿಯವರೆಗೆ ಕೆಳಗೆ ಬಿಡುತ್ತದೆ. ಹಗಲು ಮನೆಯಲ್ಲಿ ಯಾರೂ ಇಲ್ಲದಾಗ ಕಾದು, ಎಲ್ಲರೂ ಮಲಗುವ ಹೊತ್ತಿಗೆ ಅದನ್ನು ಕೊಡುವುದು ಅದರ ಗುಣ.

ಹಳಬರಿಗೆ ಇದು ತಿಳಿಯದ್ದೇನಲ್ಲ. ನಾಡ ಹೆಂಚಿನ ಮನೆಯಲ್ಲಿ ಹೆಂಚುಗಳ ಸಂದಿಯಿಂದ ಬಿಸಿ ಗಾಳಿ ಹೊರಹೋಗುತ್ತಿತ್ತು. ಮದ್ರಾಸ್ ಟೆರೇಸ್ ಮನೆಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ, ಮೇಲೆ ಸುಣ್ಣ-ಇಟ್ಟಿಗೆ ಜಲ್ಲಿಯ ಗಾರೆ ಬಡಿದು, ಚಪ್ಪಟೆ ಹೆಂಚು ಹಾಸುತ್ತಿದ್ದರು. ಆ ಗಾರೆಯ ಪದರವೇ ಈಗಲೂ ತಮಿಳುನಾಡಿನ ಮೇಸ್ತ್ರಿಗಳು ಕಾಂಕ್ರೀಟು ತಾರಸಿಯ ಮೇಲೆ ಹಾಕುವ ‘ವೆದರಿಂಗ್ ಕೋರ್ಸ್’. ಮೇಲೆ ತಟ್ಟೋಡು. ಸೋರದಿರಲು ಎಂದು ಹಾಕಿದರೂ ಶಾಖಕ್ಕೂ ಅದು ತಡೆ. ಕೈಯಲ್ಲಿ ಕಾಸಿದ್ದವರು ಹಾಕಿಸುತ್ತಾರೆ. ಸರ್ಕಾರಿ ಮನೆಯಲ್ಲಿ ಹಣ ತಾರಸಿ ಹಾಕುವಷ್ಟರಲ್ಲೇ ಮುಗಿದಿರುತ್ತದೆ.

ಮಗ್ಗದ ಮನೆಗಳು

ಸೇಲಂ ಸುತ್ತ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳಲ್ಲಿ ಸಂಕಟ ಇನ್ನೊಂದು ಬಗೆಯದು. ಮಗ್ಗ ಮನೆಯೊಳಗೇ ಇರುತ್ತದೆ. ಒಣ ಬಿಸಿಗೆ ನೂಲು ಬೇಗ ಹರಿಯುತ್ತದೆ, ಆದ್ದರಿಂದಲೇ ಕೈಮಗ್ಗಕ್ಕೆ ಗುಂಡಿ, ತಂಪು ನೆಲ. ಪವರ್‌ಲೂಮ್ ಬಂದ ಮೇಲೆ ಮೇಲೆ ಸಿಮೆಂಟು ಶೀಟು ಬಂತು, ಕೆಳಗೆ ಮೋಟಾರಿನ ಬಿಸಿಯೂ ಸೇರಿತು. 2023ರಲ್ಲಿ ರಾಜ್ಯ ಸರ್ಕಾರ ಎರಡು ತಿಂಗಳಿಗೆ ಕೈಮಗ್ಗಕ್ಕೆ ಉಚಿತ ವಿದ್ಯುತ್ತನ್ನು 200ರಿಂದ 300 ಯೂನಿಟ್‌ಗೆ, ಪವರ್‌ಲೂಮ್‌ಗೆ 750ರಿಂದ 1,000 ಯೂನಿಟ್‌ಗೆ ಏರಿಸಿತು. ನೇಕಾರರಿಗೆ ಅದು ನಿಜವಾದ ಆಸರೆ. ಮಾಡಿನ ಬಿಸಿಗೆ ಮಾತ್ರ ಯಾವ ಯೂನಿಟ್ಟೂ ಮದ್ದಲ್ಲ. ಶೀಟಿನ ಹೊರಮೈಗೆ ಬಿಳಿ ಬಣ್ಣ ಬಳಿಯುವುದು ಅಗ್ಗದ ದಾರಿ. ಹಳೆಯ ಕಲ್ನಾರು ಶೀಟಾದರೆ ಒಣದಾಗಿ ಉಜ್ಜಬಾರದು, ಕೊರೆಯಬಾರದು. ಆ ಧೂಳು ಶ್ವಾಸಕೋಶಕ್ಕೆ ಕೆಡುಕು.

ಫ್ಯಾನಿನ ಲೆಕ್ಕ

ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದರೆ 0.9 ಯೂನಿಟ್, ಎರಡು ತಿಂಗಳಿಗೆ 54. ಎರಡು ಫ್ಯಾನಿಗೆ 108. ತಮಿಳುನಾಡಿನಲ್ಲಿ 2016ರಿಂದ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ. ಅಂದರೆ ಎರಡು ಫ್ಯಾನುಗಳೇ ಆ ನೂರನ್ನು ನುಂಗಿ ಹಾಕುತ್ತವೆ. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನು ಸುಮಾರು 30 ವ್ಯಾಟ್. ಎರಡಕ್ಕೆ 43 ಯೂನಿಟ್. 2023ರ ಜನವರಿಯಿಂದ ಫ್ಯಾನಿಗೂ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ, ಕೊಳ್ಳುವಾಗ ನೋಡಬಹುದು. ಒಂದು ಲಕ್ಷ ಮನೆಗಳು ದಿನಕ್ಕೆ ಅರ್ಧ ಯೂನಿಟ್ ಉಳಿಸಿದರೆ 50,000 ಯೂನಿಟ್, ಹೊಗೆಯ ಲೆಕ್ಕದಲ್ಲಿ ದಿನಕ್ಕೆ 35 ಟನ್.

ಎ.ಸಿ.ಯ ಕಥೆ ಬೇರೆ. ಒಂದೂವರೆ ಟನ್ನಿನದು ಒಂದು ರಾತ್ರಿಗೆ ಏಳೆಂಟು ಯೂನಿಟ್ ಎಳೆದರೂ ಎರಡು ತಿಂಗಳಲ್ಲಿ 500ರ ಹತ್ತಿರ ಬರುತ್ತದೆ. 500 ದಾಟಿದರೆ ತಮಿಳುನಾಡಿನಲ್ಲಿ ದರದ ಪಟ್ಟಿಯೇ ಬೇರೆ. ಕಾದ ತಾರಸಿಯ ಕೆಳಗೆ ಎ.ಸಿ. ಹಾಕುವುದು ಓಟೆ ಬಿಂದಿಗೆಗೆ ನೀರು ತುಂಬಿದಂತೆ.

ಗಡಿಯಾಚೆ ಕರ್ನಾಟಕದ ಗೃಹಜ್ಯೋತಿಯಲ್ಲಿ 2023ರ ಜುಲೈನಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ, ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ.10 ಸೇರಿಸಿ ಮಿತಿ. ಈಚೆ ಎರಡು ತಿಂಗಳಿಗೆ ನೂರು, ಆಚೆ ತಿಂಗಳಿಗೆ ಇನ್ನೂರು ಎಂದು ನೆಂಟರ ಮನೆಗಳಲ್ಲಿ ಚರ್ಚೆ ನಡೆಯುವುದು ಸಹಜ! ಆದರೆ ಹಳೆಯ ಸರಾಸರಿಗೆ ಕಟ್ಟಿದ ಮಿತಿಯಲ್ಲಿ ಮೊದಲೇ ಮಿತವಾಗಿ ಬಳಸುತ್ತಿದ್ದವನಿಗೆ ಕಡಿಮೆ, ಧಾರಾಳವಾಗಿ ಬಳಸುತ್ತಿದ್ದವನಿಗೆ ಹೆಚ್ಚು ಸಿಕ್ಕಿತು. ಉಳಿತಾಯದ ದೃಷ್ಟಿಯಿಂದ ಇದು ವಿಚಿತ್ರವೇ.

ಈಗ ಕಟ್ಟುತ್ತಿರುವವರಿಗೆ

ಇಟ್ಟಿಗೆಯ ವಿಷಯದಲ್ಲಿ ಈ ಎರಡು ಜಿಲ್ಲೆಗಳು ಅದೃಷ್ಟವಂತ. ಮೆಟ್ಟೂರಿನ ಹಾರುಬೂದಿಯಿಂದ ಮಾಡುವ ಇಟ್ಟಿಗೆಯನ್ನು ಸುಡುವುದಿಲ್ಲ, ಒತ್ತಿ ನೀರುಣಿಸಿ ಗಟ್ಟಿ ಮಾಡುತ್ತಾರೆ. ಗೂಡಿನ ಇಂಧನ ಉಳಿಯುತ್ತದೆ, ಹೊಲದ ಮೇಲ್ಮಣ್ಣೂ ಉಳಿಯುತ್ತದೆ.

ತಾರಸಿಗೆ ಅತ್ಯಂತ ಅಗ್ಗದ ಉಪಾಯ ಸುಣ್ಣ. ಶಿವರಾತ್ರಿ ಕಳೆದ ಮೇಲೆ, ತಾರಸಿ ಗುಡಿಸಿ ತೊಳೆದು, ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಸಲ ಬಳಿಯಬೇಕು. ಒಳಗಿನ ಶಾಖ 2ರಿಂದ 5 ಡಿಗ್ರಿ ಇಳಿಯುತ್ತದೆ ಎಂಬುದು ದೇಶದ ಹಲವೆಡೆಯ ಅನುಭವ. ಮಳೆಗೆ ತೊಳೆದುಹೋಗುತ್ತದೆ, ಕೆಂಪು ಧೂಳು ಕೂತರೆ ಗುಣ ಕುಗ್ಗುತ್ತದೆ, ಹಾಗಾಗಿ ಪ್ರತಿ ವರ್ಷದ ಕೆಲಸ. ತಂಪು ತಾರಸಿಗೆ 2023ರಲ್ಲಿ ಪ್ರತ್ಯೇಕ ನೀತಿ ಮಾಡಿದ್ದು ತೆಲಂಗಾಣ. ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿತು. ಆ ವರ್ಷ ಏಪ್ರಿಲ್-ಮೇನಲ್ಲಿ ಸೇಲಂನ ಶಾಖ 40 ಡಿಗ್ರಿ ದಾಟಿತ್ತು.

ಹೊಸ ಮನೆ ಮಂಜೂರಾದವರು ಅಡಿಪಾಯದ ಹಂತದಲ್ಲೇ ಒಕ್ಕೂಟ ಕಚೇರಿಯ ಎಂಜಿನಿಯರರನ್ನು ಮೂರು ಮಾತು ಕೇಳಬಹುದು. ಎದುರುಬದುರು ಎರಡು ಕಿಟಕಿ ಬರುತ್ತವೆಯೇ? ಪಡುವಣ ಗೋಡೆಯ ಕಿಟಕಿಗೆ ಸಜ್ಜೆ ಇದೆಯೇ? ಆ 60 ಅಡಿಯ ಮಾಡನ್ನು ಶೀಟಿನ ಬದಲು ಹೆಂಚಿನಲ್ಲಿ ಮಾಡಿ, ಮನೆಯ ಪಡುವಣ ದಿಕ್ಕಿಗೆ ಬರುವಂತೆ ನಕ್ಷೆ ತಿರುಗಿಸಬಹುದೇ? ಗೋಡೆ ಎದ್ದ ಮೇಲೆ ಇವನ್ನು ಕೇಳಿ ಪ್ರಯೋಜನವಿಲ್ಲ. ಕಂತಿನ ಹಣ ಕಟ್ಟಡ ಏರಿದಂತೆ ಬರುವುದರಿಂದ, ನಕ್ಷೆಯ ಮಾತು ಮೊದಲ ಕಂತಿಗೆ ಮುಂಚೆಯೇ ಮುಗಿದಿರಬೇಕು.