‘ಜೋರ್ ಬಂದಾ’ ಅಂದ್ರ ಎಷ್ಟು ಜೋರ್?

ಫೋಟೋದಲ್ಲಿರೋದು ನಮ್ಮ ತೇರದಾಳದ ರೋಡು, ಕಬ್ಬಿನ ಸೀಸನ್. ಇವತ್ತಿನ ಕಥೆ ಇಲ್ಲಿ ನಡೆದದ್ದಲ್ಲ. ಆದ್ರೆ ಕೇಸು ಓಡಾಡಿದ್ದು ಪಕ್ಕದ ಬೆಳಗಾವಿ ಕೋರ್ಟಿನಲ್ಲಿ. (ಆಗ ನಾವಿನ್ನೂ ಬಿಜಾಪುರ ಜಿಲ್ಲೆ.)

1982ರ ನವೆಂಬರ್ 25, ಬೆಳಿಗ್ಗೆ ಸುಮಾರು ಎಂಟೂವರೆ. ಹಳ್ಳ ದಾಟುವಾಗ ಲೋಡ್ ತುಂಬಿದ ಟ್ರಕ್ ಪಲ್ಟಿ ಆಯ್ತು. ಅದರಲ್ಲಿ ಕೂತು ಹೊರಟಿದ್ದವರಲ್ಲಿ 15 ಜನ ಸತ್ತರು, ಸುಮಾರು 18 ಜನಕ್ಕೆ ಗಾಯ. ಚಾಲಕನ ಮೇಲೆ ಚಾರ್ಜ್‌ಶೀಟ್ ಬಿತ್ತು: ಐಪಿಸಿ 279, 337, 338, 304ಎ.

ಈ 304ಎ ಕಲಮಿನದೇ ಒಂದು ಇತಿಹಾಸ. 1860ರ ದಂಡ ಸಂಹಿತೆಯಲ್ಲಿ ಇದು ಇರಲೇ ಇಲ್ಲ. 1870ರಲ್ಲಿ ತಿದ್ದುಪಡಿ ಮಾಡಿ ಸೇರಿಸಿದರು. ಆಗ ಮೋಟಾರ್ ಗಾಡಿ ಎಲ್ಲಿತ್ತು! ನಿರ್ಲಕ್ಷ್ಯದಿಂದ ಜೀವ ಹೋದರೆ ಹೆಚ್ಚಂದ್ರೆ 2 ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ. ಎತ್ತಿನಗಾಡಿ ಕಾಲದ ಈ ಅಳತೆ ಲಾರಿ, ಬಸ್ಸು, ಟ್ರ್ಯಾಕ್ಟರ್ ಎಲ್ಲ ಬಂದಮೇಲೂ 2024ರ ಜೂನ್ ತನಕ ಹಂಗೇ ನಡೀತು.

ಕೇಸಿಗೆ ಬರೋಣ. ವಿಚಾರಣಾ ಕೋರ್ಟ್ ಶಿಕ್ಷೆ ಕೊಟ್ಟಿತು. ಬೆಳಗಾವಿ ಸೆಷನ್ಸ್ ನ್ಯಾಯಾಲಯ 279 ಮಾತ್ರ ತೆಗೆದುಹಾಕಿ ಉಳಿದದ್ದನ್ನು ಎತ್ತಿಹಿಡಿಯಿತು. ಹೈಕೋರ್ಟ್ ಎಲ್ಲದರಿಂದಲೂ ಬಿಡುಗಡೆ ಮಾಡಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, ಅಲ್ಲೂ ಬಿಡುಗಡೆನೇ ಕಾಯಂ. 1998ರ ಕಾನೂನು ವರದಿಗಳಲ್ಲಿ ತೀರ್ಪು ಸಿಗುತ್ತೆ, ವಕೀಲರು ಇವತ್ತಿಗೂ ಅದನ್ನ ಎತ್ತಿ ತೋರಿಸ್ತಾರೆ.

15 ಹೆಣ ಬಿದ್ದ ಮೇಲೂ ಯಾಕೆ ಹಿಂಗಾಯ್ತು? ಸಾಕ್ಷಿಗಳು ಹೇಳಿದ್ದು ‘ಅತಿ ವೇಗ’ ಅಂತ. ಆ ವೇಗ ಅಂದಾಜು ಎಷ್ಟು, ಯಾರೂ ಹೇಳಲಿಲ್ಲ. ವೇಗ ಅನ್ನೋದು ಸಾಪೇಕ್ಷ, ಬರೀ ಆ ಮಾತಿನಿಂದ ನಿರ್ಲಕ್ಷ್ಯ ಸಾಬೀತಾಗಲ್ಲ ಅಂತು ಸುಪ್ರೀಂ ಕೋರ್ಟ್. ಇನ್ನೊಂದು ದೊಡ್ಡ ತೂತು: ಮೋಟಾರು ವಾಹನ ನಿರೀಕ್ಷಕರು ಗಾಡಿ ತಪಾಸಣೆ ಮಾಡಿ ವರದಿ ಕೊಟ್ಟಿದ್ದರು. ಆ ವರದಿ ಕಡತದಲ್ಲಿ ಇಲ್ಲ! ಅವರನ್ನ ಸಾಕ್ಷಿ ಕಟ್ಟೆಗೂ ಕರೆಸಿಲ್ಲ. ನಮ್ಮ ಆಡಿಟಿಂಗ್ ಪೇಪರ್‌ನಲ್ಲಿ ಬರುತ್ತಲ್ಲ, ವೋಚರ್ ಇಲ್ಲದ ಎಂಟ್ರಿ, ಹಂಗಾಯ್ತು. ಮೊದಲು ಓದಿದಾಗ ನನಗೆ ಕೋರ್ಟಿನ ಮೇಲೇ ಸಿಟ್ಟು ಬಂತು. ಎರಡನೇ ಸಲ ಓದಿದ ಮೇಲೆ ಸಿಟ್ಟು ಆ ಕಡತದ ಮೇಲೆ ಹೋಯ್ತು.

ಒಂದು ಮಾತು, ಮನೆಯವರು ಕಳ್ಕೊಂಡವರಿಗೆ: ಚಾಲಕ ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆ ಆದ ಅಂತ ಪರಿಹಾರದ ದಾರಿ ಮುಚ್ಚಲ್ಲ. ಅದು ಬೇರೆ ನ್ಯಾಯಮಂಡಳಿ, ಅಲ್ಲಿ ‘ಸಂಶಯಾತೀತ’ ಸಾಕ್ಷ್ಯ ಬೇಕಿಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ 106 ಬಂದು 2 ವರ್ಷ ಇದ್ದದ್ದು 5 ಆಯ್ತು. ಅಪಘಾತ ಮಾಡಿ ಪೊಲೀಸರಿಗೂ ತಿಳಿಸದೆ ಓಡಿದರೆ 10 ವರ್ಷ ಅನ್ನೋ ಉಪಕಲಮೂ ಇತ್ತು. ಅದೇ ವರ್ಷ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದರು, ಉಳಿದ ಕಲಮುಗಳ ಜೊತೆ ಅದನ್ನ ಜಾರಿಗೆ ತರಲಿಲ್ಲ. ಆದ್ರೆ 2 ಇರಲಿ 5 ಇರಲಿ, ಸಾಕ್ಷ್ಯದ ಅಳತೆ ಮಾತ್ರ ಅದೇ.

ಇದನ್ನೆಲ್ಲ ನಾ ಯಾಕೆ ಹುಡುಕಿದೆ ಅಂದ್ರೆ, ಹೋದ ಸೀಸನ್‌ನಲ್ಲಿ ಊರ ಹೊರಗೆ ಕಬ್ಬಿನ ಟ್ರ್ಯಾಕ್ಟರಿಗೆ ಬೈಕ್ ಬಡೀತು. ಸವಾರ ಉಳೀಲಿಲ್ಲ. ನಾ ಐವತ್ತು ಹೆಜ್ಜೆ ದೂರದಾಗ ನಿಂತಿದ್ದೆ. ‘ಹೆಂಗ ಬಂದಾ ತಮ್ಮಾ ಟ್ರ್ಯಾಕ್ಟರ್‌ದಾವ?’ ಅಂತ ಪೊಲೀಸರು ಕೇಳಿದರು. ‘ಭಾಳ ಜೋರ್ ಬಂದಾ ರೀ’ ಅಂದೆ. ‘ಅತೀ ಜೋರಿನಿಂದ ಮತ್ತು ನಿಷ್ಕಾಳಜಿತನದಿಂದ’ ಅಂತ ಬರ್ಕೊಂಡರು. ಟ್ರ್ಯಾಕ್ಟರಿನ ಒಂದು ಹೆಡ್‌ಲೈಟ್ ಇರಲಿಲ್ಲ, ಅರ್ಧ ರೋಡು ದಾಟಿ ಬಲಕ್ಕೆ ಬಂದಿತ್ತು. ಅದನ್ನೂ ಕಂಡಿದ್ದೆ. ಹೇಳಲಿಲ್ಲ, ಹೇಳಬೇಕು ಅಂತ ಹೊಳೀಲೇ ಇಲ್ಲ.

ಸಮನ್ಸ್ ಇನ್ನೂ ಬಂದಿಲ್ಲ. ಬಂದಾಗ ಇದನ್ನ ಹೇಳ್ತೀನಿ. ‘ಅವತ್ತು ಯಾಕ ಹೇಳಲಿಲ್ಲ?’ ಅಂತ ಎದುರಿನ ವಕೀಲರು ಕೇಳೇ ಕೇಳ್ತಾರ.

#ತೇರದಾಳ #ನಮ್ಮಕಡೆಇತಿಹಾಸ